ಹಸಿರು ಕಲ್ಲಿನಿಂದ ಜೇಡ್ ನಿಕ್ಷೇಪದವರೆಗೆ: ಗುರುತಿಸುವುದು, ಹುಡುಕುವುದು, ಬೆಲೆ ಕಟ್ಟುವುದು

ಮಂಗಳೂರು, ಉಡುಪಿಯ ಆಭರಣದಂಗಡಿಗಳಲ್ಲಿ ಜೇಡ್ ಎಂಬ ಹೆಸರಿನಲ್ಲಿ ಸಿಗುವ ಹಸಿರು ಬಳೆ, ಮಣಿಸರ, ಪದಕಗಳನ್ನು ನಂಬಬಹುದೇ ಎಂದು ಕೇಳುವವರಿದ್ದಾರೆ. ತೋಟದಲ್ಲಿ ಬಾವಿ ತೋಡುವಾಗಲೋ ನೇತ್ರಾವತಿ, ಸ್ವರ್ಣಾ, ಸೀತಾ ನದಿಗಳ ಬೇಸಿಗೆಯ ಪಾತ್ರದಲ್ಲೋ ಸಿಕ್ಕಿದ ಹಸಿರು ಕಲ್ಲನ್ನು ತಂದು, ಇದು ಜೇಡ್ ಆಗಿದ್ದರೆ ನೆಲದಡಿಯಲ್ಲಿ ಇನ್ನೆಷ್ಟು ಇರಬಹುದು ಎಂದು ವಿಚಾರಿಸುವವರೂ ಇದ್ದಾರೆ. ಈ ಎರಡು ಪ್ರಶ್ನೆಗಳಿಗೂ ಉತ್ತರ ಹುಡುಕುವ ದಾರಿ ಒಂದೇ ಕಡೆಯಿಂದ ಆರಂಭವಾಗುತ್ತದೆ, ಮತ್ತು ಆ ದಾರಿಯನ್ನು ಹಂತಹಂತವಾಗಿ ತೋರಿಸುವುದೇ ಈ ಬರಹದ ಉದ್ದೇಶ. ಕಬ್ಬಿಣದ ಅದಿರು ಅಥವಾ ಬಾಕ್ಸೈಟಿನ ನಿಕ್ಷೇಪವನ್ನು ಟನ್ನುಗಳ ಲೆಕ್ಕದಲ್ಲಿ ಅಳೆಯಬಹುದು. ಜೇಡ್ ನಿಕ್ಷೇಪದ ಬೆಲೆ ಮಾತ್ರ ಬಿರುಕಿಲ್ಲದೆ ಹೊರಬರುವ ತುಂಡಿನ ಗಾತ್ರ, ಅದರ ನೇಯ್ಗೆ ಮತ್ತು ಬಣ್ಣದ ಮೇಲೆ ನಿಂತಿರುತ್ತದೆ. ಮುಂದಿನ ಪ್ರತಿಯೊಂದು ಹಂತದಲ್ಲಿಯೂ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ.

ಹಂತ 1: ಯಾವ ಜೇಡ್ ಎಂಬುದನ್ನು ಮೊದಲು ಕೇಳಿಕೊಳ್ಳಿ

ಜೇಡ್ ಎಂಬುದು ಒಂದೇ ಖನಿಜದ ಹೆಸರಲ್ಲ. ನೆಫ್ರೈಟ್ ಮತ್ತು ಜೇಡೈಟ್ ಎಂಬ ಎರಡು ಬೇರೆ ಬೇರೆ ಶಿಲೆಗಳಿಗೆ ವ್ಯಾಪಾರದಲ್ಲಿ ಈ ಒಂದೇ ಹೆಸರಿದೆ. ಇವೆರಡೂ ಒಂದಲ್ಲವೆಂದು ರಾಸಾಯನಿಕ ವಿಶ್ಲೇಷಣೆಯಿಂದ ತೋರಿಸಿದವರು ಫ್ರಾನ್ಸಿನ ಖನಿಜಶಾಸ್ತ್ರಜ್ಞ ಅಲೆಕ್ಸಿಸ್ ಡಾಮೂರ್. ಅವರು 1863ರಲ್ಲಿ ಬರ್ಮಾದ (ಇಂದಿನ ಮ್ಯಾನ್ಮಾರ್) ಕಲ್ಲನ್ನು ಪರೀಕ್ಷಿಸಿ ಅದಕ್ಕೆ ಜೇಡೈಟ್ ಎಂದು ಹೆಸರಿಟ್ಟರು.

ನೆಫ್ರೈಟ್ ಆಂಫಿಬೋಲ್ ಗುಂಪಿಗೆ ಸೇರಿದ ಟ್ರೆಮೊಲೈಟ್ ಮತ್ತು ಆಕ್ಟಿನೊಲೈಟ್ ಖನಿಜಗಳಿಂದಾದದ್ದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ಮತ್ತು ಸ್ವಲ್ಪ ನೀರಿನಂಶ ಇರುತ್ತವೆ. ಕಬ್ಬಿಣ ಹೆಚ್ಚಾದಂತೆ ಬಿಳಿಯ ಕಲ್ಲು ಹಸಿರಾಗುತ್ತ, ಕೊನೆಗೆ ಕಡುಹಸಿರಾಗುತ್ತದೆ. ಇದರ ಕಾಠಿಣ್ಯ, ಗೀರನ್ನು ತಡೆಯುವ ಶಕ್ತಿಯನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ, 6ರಿಂದ 6.5 ಮಾತ್ರ, ಅಂದರೆ ಬೆಣಚುಕಲ್ಲಿಗಿಂತ ಕಡಿಮೆ. ಆದರೂ ಇದನ್ನು ಸುತ್ತಿಗೆಯಿಂದ ಒಡೆಯುವುದು ಬಹಳ ಕಷ್ಟ, ಏಕೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ತೆಂಗಿನ ಸಿಪ್ಪೆಯ ನಾರಿನಂತೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬಿರುಕು ನೇರವಾಗಿ ಸಾಗಲು ದಾರಿಯೇ ಸಿಗುವುದಿಲ್ಲ. ಈ ನೇಯ್ಗೆ ಇಲ್ಲದಿದ್ದರೆ, ರಾಸಾಯನಿಕವಾಗಿ ಅದೇ ಖನಿಜವಾಗಿದ್ದರೂ, ಆ ಕಲ್ಲು ನೆಫ್ರೈಟ್ ಅಲ್ಲ.

ಜೇಡೈಟ್ ಪೈರಾಕ್ಸೀನ್ ಗುಂಪಿನ ಸೋಡಿಯಂ–ಅಲ್ಯೂಮಿನಿಯಂ ಸಿಲಿಕೇಟ್. ಅದರ ಕಾಠಿಣ್ಯ 6.5ರಿಂದ 7. ಶುದ್ಧವಾಗಿದ್ದರೆ ಬಿಳಿ, ಕ್ರೋಮಿಯಂ ಸೇರಿದಾಗ ಪಚ್ಚೆಯಂಥ ಉಜ್ವಲ ಹಸಿರು, ಕಬ್ಬಿಣ ಸೇರಿದಾಗ ಮಂದವಾದ ಹಸಿರು. ಜಗತ್ತಿನ ಅತಿ ದುಬಾರಿ ಜೇಡ್ ಎಲ್ಲವೂ ಈ ಎರಡನೆಯ ಜಾತಿಯದು. 2014ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ 27 ಜೇಡೈಟ್ ಮಣಿಗಳ ಒಂದು ಕಂಠಹಾರ 2.7 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಇಂಥ ಸುದ್ದಿಯನ್ನು ಓದಿದವರು ತಮ್ಮ ಕೈಯಲ್ಲಿರುವ ಹಸಿರು ಕಲ್ಲಿಗೂ ಅದೇ ಅಳತೆಯನ್ನು ಹಚ್ಚುವುದು ಸಹಜ. ಆದರೆ ಸಾಧಾರಣ ದರ್ಜೆಯ ನೆಫ್ರೈಟಿಗೂ ಆ ಮಣಿಗಳಿಗೂ ಇರುವ ಬೆಲೆಯ ಅಂತರ ಸಾವಿರಾರು ಪಟ್ಟು ಎಂಬುದನ್ನು ಆರಂಭದಲ್ಲಿಯೇ ತಿಳಿದಿರುವುದು ಒಳ್ಳೆಯದು.

ಹಂತ 2: ನೀರಿನಲ್ಲಿ ತೂಗಿ ಸಾಂದ್ರತೆ ಕಂಡುಹಿಡಿಯಿರಿ

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಹೆಚ್ಚು ಪ್ರಯೋಜನಕಾರಿಯಾದುದು ಇನ್ನೊಂದಿಲ್ಲ. ಆದ್ದರಿಂದ ಇದನ್ನು ವಿವರವಾಗಿಯೇ ಹೇಳುತ್ತೇನೆ. ಬೇಕಾದದ್ದು ಅಕ್ಕಸಾಲಿಗರು ಬಳಸುವಂಥ, 0.01 ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಗಾಜಿನ ಲೋಟ, ತೆಳುವಾದ ನೈಲಾನ್ ದಾರ ಮತ್ತು ಕುದಿಸಿ ಆರಿಸಿದ ನೀರು. ಸಮುದ್ರದ ನೀರನ್ನಾಗಲಿ ಉಪ್ಪಿನಂಶವಿರುವ ಬಾವಿಯ ನೀರನ್ನಾಗಲಿ ಬಳಸಬಾರದು. ಅದರ ಸಾಂದ್ರತೆ ಬೇರೆಯಾದುದರಿಂದ ಲೆಕ್ಕ ತಪ್ಪುತ್ತದೆ.

ಕಲ್ಲನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಮೊದಲು ಗಾಳಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ನಂತರ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ಲೋಟದ ತಳಕ್ಕಾಗಲಿ ಬದಿಗಾಗಲಿ ತಗಲದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಾಡಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯು ಕಲ್ಲು ಸ್ಥಳಾಂತರಿಸಿದ ನೀರಿನ ತೂಕ. ಗಾಳಿಯಲ್ಲಿನ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಮುಳುಗಿಸಿದಾಗ ಕಲ್ಲಿಗೆ ಗಾಳಿಯ ಗುಳ್ಳೆಗಳು ಅಂಟಿಕೊಂಡಿದ್ದರೆ ಕುಂಚದಿಂದ ಬಿಡಿಸಿ ಮತ್ತೊಮ್ಮೆ ನೋಡಬೇಕು.

ನೀರಿನಲ್ಲಿ ತಕ್ಕಡಿ 20 ಗ್ರಾಂ ತೋರಿಸಿತು ಎಂದಿಟ್ಟುಕೊಳ್ಳೋಣ. ಗಾಳಿಯಲ್ಲಿ ಅದೇ ಕಲ್ಲು 53 ಗ್ರಾಂ ತೂಗಿದ್ದರೆ ಸಾಂದ್ರತೆ 2.65, ಅದು ಬೆಣಚುಕಲ್ಲಿನ ಜಾತಿ. 59 ಗ್ರಾಂ ತೂಗಿದ್ದರೆ 2.95, ನೆಫ್ರೈಟ್ ಇರಬಹುದು. 66.8 ಗ್ರಾಂ ತೂಗಿದ್ದರೆ 3.34, ಜೇಡೈಟ್ ಇರಬಹುದು. ಜೇಡನ್ನು ಹೋಲುವ ಮೃದುವಾದ ಹಸಿರು ಖನಿಜ ಸರ್ಪೆಂಟೈನ್ ಆಗಿದ್ದರೆ ಸುಮಾರು 2.6ರ ಹತ್ತಿರ ನಿಲ್ಲುತ್ತದೆ. ಉಂಗುರದ ಹರಳಿನಷ್ಟು ಸಣ್ಣ ಕಲ್ಲಿನಲ್ಲಿ ಈ ಪರೀಕ್ಷೆಯನ್ನು ನಂಬಬಾರದು. ಅರ್ಧ ಗ್ರಾಂ ತೂಕದ ಹರಳಿನಲ್ಲಿ ದಾರಕ್ಕೆ ಅಂಟಿದ ಒಂದು ಗುಳ್ಳೆಯೂ ಉತ್ತರವನ್ನು ಬದಲಿಸಿಬಿಡುತ್ತದೆ. ಕರಾವಳಿಯ ನೆಲದಿಂದ ತೆಗೆದ ಕಲ್ಲಿಗೆ ಕೆಂಪುಕಲ್ಲಿನ ಕಬ್ಬಿಣದ ಸಿಪ್ಪೆ ಅಂಟಿಕೊಂಡಿರುವುದು ಸಾಮಾನ್ಯ. ಅದನ್ನು ಕೆರೆದು ತೆಗೆದ ಮೇಲೆಯೇ ತೂಗಬೇಕು.

ಹಂತ 3: ಹೋಲುವ ಕಲ್ಲುಗಳನ್ನು ಒಂದೊಂದಾಗಿ ಕಳೆಯುತ್ತ ಬನ್ನಿ

ಸಾಂದ್ರತೆ ಸರಿಹೊಂದಿದರೆ ಸಾಕಾಗುವುದಿಲ್ಲ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದಾಗ ಹಸಿರು ಅಭ್ರಕದ ಪುಡಿ ಮಿನುಗುತ್ತಿದ್ದರೆ ಅದು ಅವೆಂಚುರಿನ್ ಎಂಬ ಬೆಣಚುಶಿಲೆ. ‘ಇಂಡಿಯನ್ ಜೇಡ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಇದೇ. ‘ಮಲೇಷ್ಯಾ ಜೇಡ್’ ಎಂಬುದು ಬಣ್ಣ ಹಾಕಿದ ಬೆಣಚುಶಿಲೆ, ಅದರಲ್ಲಿ ಬಣ್ಣವು ಹರಳುಗಳ ನಡುವಿನ ಸಂದುಗಳಲ್ಲಿ ಬಲೆಯಂತೆ ನಿಂತಿರುತ್ತದೆ. ‘ನ್ಯೂ ಜೇಡ್’ ಎಂಬುದು ಸರ್ಪೆಂಟೈನ್. ‘ಟ್ರಾನ್ಸ್‌ವಾಲ್ ಜೇಡ್’ ದಕ್ಷಿಣ ಆಫ್ರಿಕಾದ ಹೈಡ್ರೋಗ್ರಾಸ್ಯುಲರ್ ಎಂಬ ಗಾರ್ನೆಟ್, ‘ಆಸ್ಟ್ರೇಲಿಯನ್ ಜೇಡ್’ ಕ್ರಿಸೊಪ್ರೇಸ್ ಎಂಬ ಹಸಿರು ಬೆಣಚುಜಾತಿಯ ಕಲ್ಲು. ಹೆಸರಿನ ಮುಂದೆ ದೇಶದ ಹೆಸರನ್ನು ಸೇರಿಸಿ ಮಾರುವ ಜೇಡ್ ಎದುರಾದರೆ ಖನಿಜದ ಹೆಸರನ್ನು ಬಿಲ್ಲಿನಲ್ಲಿ ಬರೆದುಕೊಡುವಂತೆ ಅಂಗಡಿಯವರನ್ನು ಕೇಳುವುದು ಗ್ರಾಹಕರ ಹಕ್ಕು.

ಉಕ್ಕಿನ ಚಾಕುವಿನ ಮೊನೆಯಿಂದ ಕಾಣದ ಬದಿಯಲ್ಲಿ ಗೀರಿ ನೋಡಿದರೆ ಮೃದುವಾದ ಸರ್ಪೆಂಟೈನ್ ಮತ್ತು ಬಳಪದ ಕಲ್ಲು ಕೂಡಲೇ ಬೇರೆಯಾಗುತ್ತವೆ; ನಿಜವಾದ ಜೇಡ್ ಮೇಲೆ ಉಕ್ಕಿನದೇ ಬೂದು ಗೆರೆ ಉಳಿಯುತ್ತದೆ. ಇದನ್ನು ಒರಟು ಕಲ್ಲಿಗೆ ಮಾತ್ರ ಮಾಡಬೇಕು, ಆಭರಣಕ್ಕಲ್ಲ. ಹೊಳಪು ಕೊಟ್ಟ ನೆಫ್ರೈಟ್ ಎಣ್ಣೆ ಸವರಿದಂತೆ, ಜೇಡೈಟ್ ಗಾಜಿನಂತೆ ಹೊಳೆಯುತ್ತದೆ.

ನನ್ನ ಅನುಭವದಲ್ಲಿ ಅತ್ಯಂತ ಹೆಚ್ಚು ಗೊಂದಲಕ್ಕೆ ಕಾರಣವಾಗುವುದು ಇವು ಯಾವುವೂ ಅಲ್ಲ, ನೆಫ್ರೈಟಿನ ಸ್ವಂತ ಸೋದರನಾದ ಆಕ್ಟಿನೊಲೈಟ್ ಶಿಸ್ಟ್ ಎಂಬ ಪದರುಪದರಾದ ರೂಪಾಂತರ ಶಿಲೆ. ಅದರ ಸಾಂದ್ರತೆಯೂ ವಕ್ರೀಭವನ ಸೂಚ್ಯಂಕವೂ (ಕಲ್ಲು ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ) ನೆಫ್ರೈಟಿನವೇ ಆಗಿರುವುದರಿಂದ ಅಳತೆಗಳೆಲ್ಲ ಸರಿಯೆನ್ನಿಸುತ್ತವೆ. ಆದರೆ ಸುತ್ತಿಗೆಯ ಒಂದು ಪೆಟ್ಟಿಗೆ ಅದು ಪದರು ಪದರಾಗಿ ಬಿಟ್ಟುಕೊಳ್ಳುತ್ತದೆ, ಎಳೆಗಳು ಒಂದೇ ದಿಕ್ಕಿಗೆ ಮಲಗಿರುವುದು ಬರಿಗಣ್ಣಿಗೂ ಕಾಣುತ್ತದೆ. ಇಂಥ ಕಲ್ಲಿನಲ್ಲಿ ಕೆಲವೊಮ್ಮೆ ಆಸ್ಬೆಸ್ಟಾಸ್ ರೂಪದ ಎಳೆಗಳಿರುವ ಸಾಧ್ಯತೆಯಿದೆ, ಅವುಗಳ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಆದ್ದರಿಂದ ಎಳೆಯೆಳೆಯಾಗಿ ಬಿಡುವ ಹಸಿರು ಕಲ್ಲನ್ನು ಒಣಗಿರುವಾಗ ಕುಟ್ಟಬೇಡಿ, ಉಜ್ಜಬೇಡಿ. ನೀರು ಹಾಕಿ ಒದ್ದೆ ಮಾಡಿಯೇ ಮುಟ್ಟಬೇಕು.

ಹಂತ 4: ಪ್ರಯೋಗಾಲಯಕ್ಕೆ ಏನನ್ನು ಕೇಳಬೇಕು

ಒರಟು ಕಲ್ಲಿಗೆ ಎರಡು ಪರೀಕ್ಷೆಗಳು ಸಾಕು: ಖನಿಜ ಯಾವುದೆಂದು ಹೇಳುವ ಎಕ್ಸ್-ರೇ ವಿವರ್ತನೆ ಅಥವಾ ರಾಮನ್ ವಿಶ್ಲೇಷಣೆ, ಮತ್ತು ನೇಯ್ಗೆ ಹೇಗಿದೆಯೆಂದು ತೋರಿಸುವ 0.03 ಮಿಲಿಮೀಟರ್ ದಪ್ಪದ ತೆಳುಛೇದ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳುವಾಗಿ ಉಜ್ಜಿದ ಕಲ್ಲಿನ ಬಿಲ್ಲೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಮಾಡಿಸಿದರೆ, ಮೇಲೆ ಹೇಳಿದ ಶಿಸ್ಟ್ ಕೂಡ ಟ್ರೆಮೊಲೈಟ್–ಆಕ್ಟಿನೊಲೈಟ್ ಎಂಬ ವರದಿಯನ್ನು ಪಡೆದುಕೊಂಡು ಮನೆಗೆ ಬರುತ್ತದೆ. ಭೂವಿಜ್ಞಾನ ಅಥವಾ ಗಣಿ ಎಂಜಿನಿಯರಿಂಗ್ ವಿಭಾಗಗಳು ನಮ್ಮ ಹತ್ತಿರದಲ್ಲಿಯೇ ಇವೆ: ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗವಿದೆ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವಿದೆ. ಕಲ್ಲನ್ನು ನೋಡಬಲ್ಲ ಅಧ್ಯಾಪಕರ ಸಲಹೆಯನ್ನು ಮೊದಲು ಪಡೆದು ಆಮೇಲೆ ಹಣ ಖರ್ಚು ಮಾಡುವುದು ಜಾಣತನ.

ಆಭರಣದ ಜೇಡೈಟಿಗೆ ಬೇರೆಯದೇ ಪ್ರಶ್ನೆಯನ್ನು ಕೇಳಬೇಕು. ವ್ಯಾಪಾರದಲ್ಲಿ ‘ಎ’ ಎಂದರೆ ಮೇಣದ ಹೊಳಪನ್ನು ಬಿಟ್ಟು ಯಾವ ಸಂಸ್ಕರಣೆಯೂ ಇಲ್ಲದ ಕಲ್ಲು. ‘ಬಿ’ ಎಂದರೆ ಆಮ್ಲದಲ್ಲಿ ಅದ್ದಿ ಕಂದು ಕಲೆಗಳನ್ನು ತೆಗೆದು, ಉಂಟಾದ ಸಂದುಗಳಿಗೆ ಪಾಲಿಮರ್ ತುಂಬಿದ್ದು. ‘ಸಿ’ ಎಂದರೆ ಬಣ್ಣ ಹಾಕಿದ್ದು. ಪಾಲಿಮರ್ ಇದೆಯೇ ಎಂಬುದನ್ನು ಖಚಿತವಾಗಿ ಹೇಳುವುದು ಇನ್‌ಫ್ರಾರೆಡ್ ವರ್ಣಪಟಲ ಪರೀಕ್ಷೆ. ಕಣ್ಣಂದಾಜಿನಲ್ಲಿ ಈ ತೀರ್ಮಾನವನ್ನು ಕೊಡುವವರನ್ನು, ಅವರು ಎಷ್ಟೇ ಹಳೆಯ ವ್ಯಾಪಾರಿಗಳಾಗಿದ್ದರೂ, ದೊಡ್ಡ ಮೊತ್ತದ ಖರೀದಿಯಲ್ಲಿ ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೈಪುರ ಮತ್ತು ಮುಂಬೈಗಳಲ್ಲಿ ರತ್ನ ಪರೀಕ್ಷಾ ಪ್ರಯೋಗಾಲಯಗಳಿವೆ.

ಹಂತ 5: ಕಲ್ಲು ಹುಟ್ಟುವ ಜಾಗವನ್ನು ಅರ್ಥ ಮಾಡಿಕೊಳ್ಳಿ

ನಿಕ್ಷೇಪವನ್ನು ಹುಡುಕುವವರಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಎರಡೂ ಜೇಡ್‌ಗಳು ಶಿಲಾದ್ರವ ತಣಿದು ಹುಟ್ಟಿದವಲ್ಲ. ಎರಡು ಹೊಂದಾಣಿಕೆಯಿಲ್ಲದ ಶಿಲೆಗಳ ನಡುವೆ ಬಿಸಿಯಾದ ದ್ರವ ಹರಿದು, ಒಂದರ ಧಾತುಗಳು ಇನ್ನೊಂದಕ್ಕೆ ಸೇರಿದಾಗ ರೂಪುಗೊಂಡವು. ಆದ್ದರಿಂದ ಜೇಡ್ ಹುಡುಕುವವರು ಹುಡುಕಬೇಕಾದದ್ದು ಹಸಿರು ಬಣ್ಣವನ್ನಲ್ಲ, ಎರಡು ಶಿಲೆಗಳು ಸಂಧಿಸುವ ಗಡಿಯನ್ನು.

ಜೇಡೈಟ್ ಹುಟ್ಟುವುದು ಸಾಗರದ ಭೂಫಲಕವೊಂದು ಇನ್ನೊಂದರ ಅಡಿಗೆ ಜಾರಿ ಇಳಿಯುವ ಜಾಗದಲ್ಲಿ. ಅಲ್ಲಿ ಒತ್ತಡ ಬಹಳ ಹೆಚ್ಚು, ಆದರೆ ತಣ್ಣಗಿನ ಫಲಕ ವೇಗವಾಗಿ ಇಳಿಯುವುದರಿಂದ ಆ ಆಳಕ್ಕೆ ಇರಬೇಕಾದಷ್ಟು ಬಿಸಿ ಇರುವುದಿಲ್ಲ. ಇಳಿಯುವ ಫಲಕದಿಂದ ಹೊರಬಿದ್ದ ಸೋಡಿಯಂ ತುಂಬಿದ ನೀರು ಮೇಲಿನ ಸರ್ಪೆಂಟಿನೈಟ್ (ಸರ್ಪೆಂಟೈನ್ ಖನಿಜದಿಂದಾದ) ಶಿಲೆಯೊಳಗೆ ನುಗ್ಗಿ ಜೇಡೈಟನ್ನು ಕಟ್ಟುತ್ತದೆ. ಬಳಿಕ ಭೂಚಲನೆಯಿಂದ ಅದು ಮೇಲೆ ಬರಬೇಕು. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವುದು ಅಪರೂಪವಾದುದರಿಂದ ಜಗತ್ತಿನಲ್ಲಿ ಜೇಡೈಟ್ ಶಿಲೆಯ ತಾಣಗಳು ಬೆರಳೆಣಿಕೆಯಷ್ಟೇ: ಮ್ಯಾನ್ಮಾರಿನ ಕಚಿನ್ ರಾಜ್ಯದ ಫಾಕಾಂತ್, ಗ್ವಾಟೆಮಾಲಾದ ಮೊತಾಗ್ವಾ ಕಣಿವೆ, ಜಪಾನಿನ ಇತೋಯಿಗಾವಾ, ರಷ್ಯಾ ಮತ್ತು ಕಜಾಕಿಸ್ತಾನದ ಕೆಲವು ಭಾಗಗಳು, ಕ್ಯಾಲಿಫೋರ್ನಿಯಾ ಮುಂತಾದವು. ಜಪಾನಿನ ಖನಿಜ ವಿಜ್ಞಾನಗಳ ಸಂಘವು 2016ರಲ್ಲಿ ಜೇಡೈಟನ್ನು ತನ್ನ ದೇಶದ ಶಿಲೆಯಾಗಿ ಆರಿಸಿಕೊಂಡಿತು.

ನೆಫ್ರೈಟ್ ಹುಟ್ಟಲು ಇಷ್ಟು ಕಠಿಣ ಷರತ್ತುಗಳಿಲ್ಲ. ಒಂದು ಬಗೆಯ ನೆಫ್ರೈಟ್ ಸರ್ಪೆಂಟಿನೈಟ್ ಮತ್ತು ಸಿಲಿಕಾ ಅಥವಾ ಕ್ಯಾಲ್ಸಿಯಂ ಹೆಚ್ಚಿರುವ ಶಿಲೆಗಳ ಗಡಿಯಲ್ಲಿ ಹುಟ್ಟುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ, ನ್ಯೂಜಿಲೆಂಡಿನ ದಕ್ಷಿಣ ದ್ವೀಪ, ಸೈಬೀರಿಯಾದ ಪೂರ್ವ ಸಯಾನ್ ಪರ್ವತ, ತೈವಾನಿನ ಫೆಂಗ್‌ತಿಯಾನ್ ಇದಕ್ಕೆ ಉದಾಹರಣೆ. ಇದು ಹಸಿರಾಗಿದ್ದು, ಕ್ರೋಮಿಯಂನ ಅದಿರಾದ ಕ್ರೋಮೈಟಿನ ಕಪ್ಪು ಚುಕ್ಕೆಗಳನ್ನು ಹೊಂದಿರುತ್ತದೆ. ಇನ್ನೊಂದು ಬಗೆ ಡೋಲೊಮೈಟ್ ಅಮೃತಶಿಲೆಯೊಳಗೆ ಗ್ರಾನೈಟ್ ನುಗ್ಗಿದಲ್ಲಿ, ಡೋಲೊಮೈಟಿನ ಕ್ಯಾಲ್ಸಿಯಂ–ಮೆಗ್ನೀಸಿಯಂಗೆ ಸಿಲಿಕಾ ಮತ್ತು ನೀರು ಸೇರಿ, ಇಂಗಾಲದ ಡೈಆಕ್ಸೈಡ್ ಹೊರಹೋದಾಗ ಉಂಟಾಗುತ್ತದೆ. ಚೀನಾದ ಖೋಟಾನ್ ಪ್ರದೇಶದ ಬಿಳಿ ನೆಫ್ರೈಟ್ ಈ ಬಗೆಯದು. ಮೊಘಲ್ ದರ್ಬಾರಿನ ಜೇಡ್ ಕೆಲಸಕ್ಕೆ ಕಲ್ಲು ಬರುತ್ತಿದ್ದುದು ಆ ಮಧ್ಯ ಏಷ್ಯಾದ ಕಡೆಯಿಂದಲೇ. ಷಹಜಹಾನನಿಗಾಗಿ 1657ರಲ್ಲಿ ಬಿಳಿ ನೆಫ್ರೈಟಿನಲ್ಲಿ ಕಡೆದ ಪಾನಪಾತ್ರೆ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಎರಡೂ ಬಗೆಗಳಲ್ಲಿ, ಖನಿಜ ರೂಪುಗೊಳ್ಳುವಾಗಲೇ ಶಿಲೆ ನುರಿದು ಜಾರುತ್ತಿದ್ದರೆ ಮಾತ್ರ ಎಳೆಗಳು ಹೆಣೆದುಕೊಂಡು ಗಟ್ಟಿಯಾದ ನೆಫ್ರೈಟ್ ಆಗುತ್ತದೆ.

ಹಂತ 6: ನಮ್ಮ ನಾಡಿನ ಭೂನಕ್ಷೆಯ ಮುಂದೆ ಈ ಷರತ್ತುಗಳನ್ನಿಟ್ಟು ನೋಡಿ

ಮಂಗಳೂರು ಮತ್ತು ಉಡುಪಿಯ ಬಯಲಿನಲ್ಲಿ ಮೇಲೆ ಮುರಕಲ್ಲು (ಕೆಂಪುಕಲ್ಲು), ಅದರಡಿಯಲ್ಲಿ ಬಹುತೇಕ ನೈಸ್ ಎಂಬ ಪಟ್ಟೆಗಳುಳ್ಳ ರೂಪಾಂತರ ಶಿಲೆ ಮತ್ತು ಗ್ರಾನೈಟ್ ಜಾತಿಯ ಶಿಲೆಗಳು. ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪಗಳ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ. ಇವು ಯಾವುವೂ ಜೇಡ್ ಹುಟ್ಟುವ ಶಿಲೆಗಳಲ್ಲ. ಹಾಗಿದ್ದರೆ ನದಿಯಲ್ಲಿ ಸಿಗುವ ಹಸಿರು ಕಲ್ಲು ಎಲ್ಲಿಂದ ಬರುತ್ತದೆ? ಕುದುರೆಮುಖದ ಬೆಟ್ಟಸಾಲಿನಲ್ಲಿ ಬಹಳ ಪ್ರಾಚೀನವಾದ, ರೂಪಾಂತರ ಹೊಂದಿದ ಲಾವಾ ಶಿಲೆಗಳಿವೆ. ಅವುಗಳಿಗೆ ಹಸಿರು ಕೊಡುವುದು ಕ್ಲೋರೈಟ್, ಆಕ್ಟಿನೊಲೈಟ್ ಮತ್ತು ಎಪಿಡೋಟ್. ಘಟ್ಟದಿಂದ ಇಳಿಯುವ ಹೊಳೆಗಳು ಅವುಗಳ ತುಂಡುಗಳನ್ನು ಉರುಳಿಸಿ, ನುಣುಪು ಮಾಡಿ ಕೆಳಗೆ ತರುತ್ತವೆ. ಕೈಯಲ್ಲಿ ಹಿಡಿದಾಗ ಚೆಲುವಾಗಿಯೇ ಇರುತ್ತವೆ, ಆದರೆ ಅವು ಜೇಡ್ ಅಲ್ಲ.

ಶಿರಾಡಿ ಘಾಟಿ ಹತ್ತಿ ಹಾಸನದ ಕಡೆಗೆ ಹೋದರೆ ಚಿತ್ರ ಬದಲಾಗುತ್ತದೆ. ನುಗ್ಗೇಹಳ್ಳಿಯ ಶಿಸ್ಟ್ ಪಟ್ಟಿಯಲ್ಲಿ ಸರ್ಪೆಂಟಿನೈಟ್ ಇದೆ, ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇತ್ತು, ಟ್ರೆಮೊಲೈಟ್–ಆಕ್ಟಿನೊಲೈಟ್ ಶಿಸ್ಟುಗಳೂ ಇವೆ. ಹೊಳೆನರಸೀಪುರದ ಪಟ್ಟಿಯೂ ಇದೇ ಬಗೆಯದು. ಇಲ್ಲಿ ಜೇಡೈಟಿನ ಆಸೆಯನ್ನು ಇಟ್ಟುಕೊಳ್ಳಬಾರದು: ಜಗತ್ತಿನ ಪರಿಚಿತ ಜೇಡೈಟ್ ಶಿಲೆಗಳು ಹೆಚ್ಚೆಂದರೆ ಕಳೆದ ಐವತ್ತು–ಅರವತ್ತು ಕೋಟಿ ವರ್ಷಗಳ ಒಳಗಿನವು, ನಮ್ಮ ಈ ಪಟ್ಟಿಗಳು 250 ಕೋಟಿ ವರ್ಷಗಳಿಗೂ ಹಳೆಯವು. ನೆಫ್ರೈಟಿನ ವಿಷಯದಲ್ಲಿ ಮಾತ್ರ ವಯಸ್ಸೊಂದೇ ಅಡ್ಡಿಯಲ್ಲ. ಅಮೆರಿಕದ ವಯೋಮಿಂಗ್‌ನಲ್ಲಿ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಕೋವೆಲ್‌ನಲ್ಲಿ ಬಹಳ ಪುರಾತನ ಶಿಲೆಗಳ ನಡುವೆಯೇ ನೆಫ್ರೈಟ್ ಸಿಕ್ಕಿದೆ. ಆದ್ದರಿಂದ ಸರ್ಪೆಂಟಿನೈಟಿನ ಅಂಚುಗಳನ್ನು, ಅದರೊಳಗೆ ಗ್ರಾನೈಟ್ ನುಗ್ಗಿದ ಜಾಗಗಳನ್ನು ವಿದ್ಯಾರ್ಥಿಗಳು ಕ್ರಮಬದ್ಧವಾಗಿ ಪರಿಶೀಲಿಸುವುದು ಯೋಗ್ಯವಾದ ಅಧ್ಯಯನವೆಂದು ನಾನು ಭಾವಿಸುತ್ತೇನೆ, ಬಂಡವಾಳ ಹೂಡುವ ಮಾತು ಆಮೇಲಿನದು. ಹಾಸನ, ಚಿತ್ರದುರ್ಗದ ಕಡೆಯ ಫುಕ್ಸೈಟ್ ಎಂಬ ಹಸಿರು ಅಭ್ರಕವಿರುವ ಬೆಣಚುಶಿಲೆಯನ್ನು ಜೇಡ್ ಎಂದು ತೋರಿಸುವವರು ಎದುರಾದರೆ ಎರಡನೆಯ ಹಂತದ ನೀರಿನ ತೂಕವೇ ಉತ್ತರ ಹೇಳುತ್ತದೆ.

ಹಂತ 7: ಕ್ಷೇತ್ರದಲ್ಲಿ ಗುಂಡುಕಲ್ಲಿನಿಂದ ಮೂಲದ ಕಡೆಗೆ ಹೋಗಿ

ಲೋಕದಲ್ಲೆಲ್ಲ ಜೇಡ್ ಮೊದಲು ಸಿಕ್ಕಿದ್ದು ಹೆಚ್ಚಾಗಿ ನದಿಯಲ್ಲಿ. ಖೋಟಾನಿನ ಯುರುಂಗ್‌ಕಾಶ್ ಮತ್ತು ಕರಾಕಾಶ್ ನದಿಗಳಲ್ಲಿ, ಮ್ಯಾನ್ಮಾರಿನ ಉರು ನದಿಯ ಗುಂಡುಕಲ್ಲುಗಳ ರಾಶಿಯಲ್ಲಿ ಜನ ಶತಮಾನಗಳಿಂದ ಹುಡುಕಿದ್ದಾರೆ. ಹೊಳೆ ಮಾಡುವ ಕೆಲಸ ಇಲ್ಲಿ ದೊಡ್ಡದು: ಬಿರುಕುಬಿಟ್ಟ ದುರ್ಬಲ ಭಾಗಗಳು ದಾರಿಯಲ್ಲಿಯೇ ಪುಡಿಯಾಗಿ, ಗಟ್ಟಿಯಾದ ತಿರುಳು ಮಾತ್ರ ಉಳಿಯುವುದರಿಂದ ನದಿಯ ಜೇಡ್ ಬಂಡೆಯ ಜೇಡಿಗಿಂತ ಸಾಮಾನ್ಯವಾಗಿ ಉತ್ತಮ.

ಒಂದು ಗುಂಡುಕಲ್ಲು ಪ್ರಯೋಗಾಲಯದಲ್ಲಿ ನೆಫ್ರೈಟ್ ಎಂದು ಸಾಬೀತಾಯಿತು ಎನ್ನೋಣ. ಸಿಕ್ಕ ಜಾಗದ ಅಕ್ಷಾಂಶ–ರೇಖಾಂಶವನ್ನು ಮೊಬೈಲಿನಲ್ಲಿ ಗುರುತಿಸಿ, ಹೊಳೆಯ ಮೇಲ್ಮುಖವಾಗಿ ನಡೆಯುತ್ತ ಪ್ರತಿ ಉಪಹೊಳೆಯ ಬಾಯಿಯಲ್ಲಿ ಕಲ್ಲುಗಳನ್ನು ನೋಡಬೇಕು. ಯಾವ ಉಪಹೊಳೆಯ ನಂತರ ಅಂಥ ಕಲ್ಲು ಕಾಣಿಸುವುದಿಲ್ಲವೋ ಮೂಲವು ಆ ಉಪಹೊಳೆಯ ಜಲಾನಯನದಲ್ಲಿರುವ ಸಾಧ್ಯತೆ ಹೆಚ್ಚು. ಮೇಲಕ್ಕೆ ಹೋದಂತೆ ಕಲ್ಲುಗಳು ದೊಡ್ಡದಾಗುತ್ತ, ಮೊನಚಾಗುತ್ತ ಹೋಗುತ್ತವೆ. ಮಳೆಗಾಲ ಮುಗಿದು ನೀರು ಇಳಿದ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳು ಇದಕ್ಕೆ ತಕ್ಕವು. ಹೊರಮೈಯಲ್ಲಿ ಕಂದು ಸಿಪ್ಪೆ ಇರುವುದರಿಂದ ಬಣ್ಣವನ್ನು ನೆಚ್ಚದೆ, ಒದ್ದೆ ಮಾಡಿ ಅಂಚಿನ ತೆಳುಭಾಗಕ್ಕೆ ಟಾರ್ಚ್ ಹಿಡಿದು ಬೆಳಕು ಹಾಯುತ್ತದೆಯೇ ನೋಡಬೇಕು.

ಹಂತ 8: ಟನ್ನಿನ ಲೆಕ್ಕದಿಂದ ತುಂಡಿನ ಲೆಕ್ಕಕ್ಕೆ ಬನ್ನಿ

ನೆಫ್ರೈಟ್ ಪದರಗಳಾಗಿ ಹಬ್ಬಿರುವುದಿಲ್ಲ; ಬಿಡಿಬಿಡಿಯಾದ, ನಡುವೆ ದಪ್ಪವಾಗಿ ತುದಿಯಲ್ಲಿ ಸವೆದ ಮಸೂರಾಕಾರದ ಕಾಯಗಳಾಗಿ, ಕೆಲವು ಮೀಟರ್ ಅಥವಾ ಕೆಲವು ಹತ್ತು ಮೀಟರ್ ಉದ್ದಕ್ಕೆ ಮುಗಿದುಹೋಗುತ್ತದೆ. 10 ಮೀಟರ್ ಉದ್ದ, 5 ಮೀಟರ್ ಆಳ, 2 ಮೀಟರ್ ದಪ್ಪದ ಕಾಯವೊಂದನ್ನು ಊಹಿಸಿಕೊಳ್ಳಿ. ಗಾತ್ರ 100 ಘನ ಮೀಟರ್, ತೂಕ ಸುಮಾರು 295 ಟನ್. ಕಾಗದದ ಮೇಲೆ ಇದು ದೊಡ್ಡ ನಿಧಿಯಂತೆ ಕಾಣುತ್ತದೆ. ಈಗ ಅದರಲ್ಲಿ ಬಿರುಕುಗಳ ನಡುವಿನ ಅಂತರವನ್ನು ಅಳೆಯಿರಿ. ಬಿರುಕುಗಳು 5 ಸೆಂಟಿಮೀಟರಿಗೊಂದು ಇದ್ದರೆ ಆ 295 ಟನ್ನಿನಿಂದ ಒಂದು ಬಳೆಯನ್ನೂ ಕೊರೆಯಲಾಗದು, ಏಕೆಂದರೆ ಬಳೆಗೆ ಬಿರುಕಿಲ್ಲದ 7–8 ಸೆಂಟಿಮೀಟರ್ ಅಗಲದ ಹಲ್ಲೆ (ಕೊಯ್ದ ಚಪ್ಪಟೆ ತುಂಡು) ಬೇಕು. ಮಣಿಗೆ, ಪದಕಕ್ಕೆ ಸಾಲಬಹುದು, ಅದಕ್ಕೆ ಬರುವ ಬೆಲೆ ತೀರಾ ಬೇರೆ.

ಹಾಗಾಗಿ ಹೊರಗೆ ಕಾಣುವ ಶಿಲೆಯಲ್ಲಿ ಬಿರುಕುಗಳ ದಿಕ್ಕು ಮತ್ತು ಅಂತರ, ಬಣ್ಣದ ಏಕರೂಪತೆ, ಕಪ್ಪು ಚುಕ್ಕೆ ಹಾಗೂ ಬಿಳಿ ಟಾಲ್ಕ್ ಗೆರೆಗಳು, ಬೆಳಕು ಹಾಯುವ ಗುಣ ಇವನ್ನು ಮೊದಲು ನಕ್ಷೆಗೆ ಇಳಿಸಬೇಕು; ಆಮೇಲೆ ವಜ್ರದ ಮೊನೆಯ ಡ್ರಿಲ್ಲಿನಿಂದ ಕೋರ್, ಅಂದರೆ ಕೊಳವೆಯಾಕಾರದ ಕಲ್ಲಿನ ಮಾದರಿ, ತೆಗೆಯಬೇಕು; ಕೊನೆಗೆ ಕೆಲವು ಟನ್ ಕಲ್ಲನ್ನು ನಿಜವಾಗಿಯೇ ಹಲ್ಲೆಗಳಾಗಿ ಕೊಯ್ದು, ನೂರು ಕಿಲೋದಲ್ಲಿ ಎಷ್ಟು ಕಿಲೋ ಯಾವ ದರ್ಜೆಗೆ ಬಂತು ಎಂದು ತೂಗಿ ಬರೆಯಬೇಕು. ಈ ಕೊನೆಯ ಸಂಖ್ಯೆಯಿಲ್ಲದ ಯಾವ ಯೋಜನಾ ವರದಿಗೂ ಹಣ ಹಾಕಬಾರದು. ಸಿಡಿಮದ್ದಿನಿಂದ ತೆಗೆದ ಮಾದರಿಯನ್ನು ಒಪ್ಪಿಕೊಳ್ಳಬಾರದು: ಅದು ಕಣ್ಣಿಗೆ ಕಾಣದ ಬಿರುಕುಗಳನ್ನು ಒಳಗೆ ಸೇರಿಸುತ್ತದೆ. ಗ್ರಾನೈಟ್ ಕೋರೆಗಳಲ್ಲಿ ಬಳಸುವ ವಜ್ರದ ತಂತಿಗರಗಸವೇ ಇಲ್ಲಿಯೂ ಸರಿಯಾದ ಉಪಕರಣ.

ಹಂತ 9: ಮಾರುಕಟ್ಟೆ ಮತ್ತು ಅದರ ಹಿಂದಿನ ಬೆಲೆ

ಚಿನ್ನಕ್ಕಿರುವಂತೆ ಜೇಡಿಗೆ ದಿನದ ದರವಿಲ್ಲ. ಪ್ರತಿಯೊಂದು ತುಂಡನ್ನೂ ಕೊಳ್ಳುವವರು ನೋಡಿ ಬೆಲೆ ಕಟ್ಟುತ್ತಾರೆ, ಮತ್ತು ಕೊಳ್ಳುವವರಲ್ಲಿ ಬಹುಪಾಲು ಚೀನಾದ ಮಾರುಕಟ್ಟೆಗೆ ಸೇರಿದವರು. ಒಂದೇ ದೇಶದ ಅಭಿರುಚಿಯನ್ನು ನೆಚ್ಚಿಕೊಂಡ ವ್ಯಾಪಾರದಲ್ಲಿರುವ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮ್ಯಾನ್ಮಾರಿನ ಒರಟು ಕಲ್ಲುಗಳನ್ನು ಸಿಪ್ಪೆಯ ಮೇಲೆ ಸಣ್ಣ ಕಿಟಕಿಯಷ್ಟು ಉಜ್ಜಿ ಒಳಗಿನ ಹಸಿರನ್ನು ತೋರಿಸಿ ಮಾರುವ ಪದ್ಧತಿಯಿದೆ. ಆ ಹಸಿರು ಎಷ್ಟು ಆಳಕ್ಕೆ ಹೋಗಿದೆ ಎಂಬುದು ಕೊಯ್ದ ಮೇಲೆಯೇ ತಿಳಿಯುವುದರಿಂದ ಅನುಭವವಿಲ್ಲದವರು ಅಂಥ ಕಲ್ಲಿನಿಂದ ದೂರವಿರಬೇಕು.

ಫಾಕಾಂತ್‌ನ ಹಸಿರಿನ ಹಿಂದೆ ಸಾವುಗಳಿವೆ. 2015ರ ನವೆಂಬರಿನಲ್ಲಿ ಗಣಿ ತ್ಯಾಜ್ಯದ ರಾಶಿ ಕುಸಿದು ನೂರಕ್ಕೂ ಹೆಚ್ಚು ಜನ, 2020ರ ಜುಲೈ 2ರಂದು ಮಳೆಗೆ ಕುಸಿದ ಮಣ್ಣಿನಡಿಯಲ್ಲಿ 170ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ತ್ಯಾಜ್ಯದಲ್ಲಿ ಚೂರುಗಳನ್ನು ಆಯುತ್ತಿದ್ದ ಬಡವರು. 2021ರ ಸೈನಿಕ ಕ್ರಾಂತಿಯ ನಂತರ ಅಮೆರಿಕ ಅಲ್ಲಿನ ಸರ್ಕಾರಿ ರತ್ನ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದೆ. ಮ್ಯಾನ್ಮಾರಿನ ಕಲ್ಲನ್ನು ತರಿಸಿ ಮುಂದೆ ರಫ್ತು ಮಾಡುವ ಆಲೋಚನೆಯಿರುವವರು ಈ ನಿರ್ಬಂಧವನ್ನೂ, ಅದಕ್ಕಿಂತ ಮೊದಲು ಆ ಸಾವುಗಳನ್ನೂ ಗಮನಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ನ್ಯೂಜಿಲೆಂಡಿನಲ್ಲಿ 1997ರ ಕಾನೂನು ದಕ್ಷಿಣ ದ್ವೀಪದ ಜೇಡಿನ ಒಡೆತನವನ್ನು ನಾಯ್ ತಾಹು ಎಂಬ ಮೂಲನಿವಾಸಿ ಬುಡಕಟ್ಟಿಗೆ ಮರಳಿಸಿತು. ಬ್ರಿಟಿಷ್ ಕೊಲಂಬಿಯಾ ತನ್ನ ವಾಯವ್ಯ ಭಾಗದಲ್ಲಿ ಜೇಡ್ ಗಣಿಗಾರಿಕೆಯನ್ನು ಹಂತಹಂತವಾಗಿ ನಿಲ್ಲಿಸುವುದಾಗಿ 2024ರಲ್ಲಿ ಪ್ರಕಟಿಸಿತು.

ಹಂತ 10: ಗುದ್ದಲಿ ಎತ್ತುವ ಮುನ್ನ ಕಾನೂನು

1957ರ ಗಣಿ ಮತ್ತು ಖನಿಜಗಳ ಅಭಿವೃದ್ಧಿ ಹಾಗೂ ನಿಯಂತ್ರಣ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ಗಣಿಗಾರಿಕೆಯಷ್ಟೇ ಅಲ್ಲ, ಶೋಧನೆಯ ಕೆಲಸವೂ ನಿಷಿದ್ಧ. ಜಮೀನು ಸ್ವಂತದ್ದು ಎಂಬುದು ಅನುಮತಿಗೆ ಬದಲಿಯಾಗುವುದಿಲ್ಲ. ಉಲ್ಲಂಘನೆಗೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ಹೆಕ್ಟೇರಿಗೆ ಐದು ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಕೇಂದ್ರ ಸರ್ಕಾರವು 2015ರ ಫೆಬ್ರವರಿಯಲ್ಲಿ 31 ಖನಿಜಗಳನ್ನು ಉಪಖನಿಜಗಳೆಂದು ಘೋಷಿಸಿ ರಾಜ್ಯಗಳ ಕೈಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಫುಕ್ಸೈಟ್ ಬೆಣಚುಶಿಲೆ, ಜಾಸ್ಪರ್, ಅಗೇಟ್ ಇವೆ, ಜೇಡ್ ಇಲ್ಲ. ಆದ್ದರಿಂದ ಪ್ರಯೋಗಾಲಯದ ವರದಿಯೊಂದಿಗೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಲಿಖಿತ ಉತ್ತರವನ್ನು ಪಡೆಯುವುದು ಮೊದಲ ಕೆಲಸ. ಅರಣ್ಯವಾದರೆ ಅರಣ್ಯ ಕಾನೂನು, ಕಡಲ ಅಂಚಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಜೊತೆಗೂಡುತ್ತವೆ. ಕುದುರೆಮುಖದಂಥ ದೊಡ್ಡ ಕಬ್ಬಿಣದ ಗಣಿಯೇ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು ಎಂಬುದು ಕರಾವಳಿಯವರಿಗೆ ಗೊತ್ತಿರುವ ಸಂಗತಿ. ಸುಳ್ಯ–ಕೊಡಗು ಗಡಿಯ ಕಾಡುಗಳಲ್ಲಿ ಹರಳುಕಲ್ಲಿಗಾಗಿ ಕದ್ದು ಅಗೆದ ಗುಂಡಿಗಳಂತೆ ಇನ್ನೊಂದು ಗುಂಡಿ ಘಟ್ಟದಲ್ಲಿ ಆಗಬಾರದು.

ಹಂತ 11: ಕರಾವಳಿಯಲ್ಲಿ ನಿಜವಾಗಿ ಮಾಡಬಹುದಾದ ಉದ್ಯಮ

ನೆಲದಡಿಯಲ್ಲಿ ಜೇಡ್ ಇಲ್ಲದ ಊರಿನಲ್ಲಿಯೂ ಜೇಡಿನ ಕೆಲಸಕ್ಕೆ ಅವಕಾಶವಿದೆ ಎಂಬುದು ನನ್ನ ನಂಬಿಕೆ. ಕಲ್ಲಿನಲ್ಲಿ ಕೆತ್ತುವ ಕೈಗಳು ಕಾರ್ಕಳದಲ್ಲಿವೆ, ಆಭರಣ ಕಟ್ಟುವ ಕೈಗಳು ಮಂಗಳೂರು, ಉಡುಪಿಗಳಲ್ಲಿವೆ, ಬಂದರು ಪಣಂಬೂರಿನಲ್ಲಿದೆ. ಕೆನಡಾ ಅಥವಾ ರಷ್ಯಾದ ಮೂಲದ, ದಾಖಲೆಯಿರುವ ನೆಫ್ರೈಟನ್ನು ಹಲ್ಲೆಗಳಾಗಿ ತರಿಸಿ ಕಿರುಮೂರ್ತಿ, ಮಣಿ, ಪದಕಗಳನ್ನು ಮಾಡಿ ಖನಿಜದ ಹೆಸರನ್ನು ಸ್ಪಷ್ಟವಾಗಿ ಬರೆದು ಮಾರುವುದು ಸಣ್ಣ ಬಂಡವಾಳದಲ್ಲಿ ಸಾಧ್ಯ. ಮೊದಲ ಖರೀದಿಯನ್ನು ಕೆಲವೇ ಕಿಲೋಗಳಿಗೆ ಮಿತಿಗೊಳಿಸಿ, ಎರಡೂ ಬದಿ ಕೊಯ್ದ ಹಲ್ಲೆಯನ್ನೇ ಕೇಳಬೇಕು, ಇಡೀ ಗುಂಡುಕಲ್ಲನ್ನಲ್ಲ. ಹಲ್ಲೆಯನ್ನು ಒದ್ದೆ ಮಾಡಿ ಟಾರ್ಚಿನ ಎದುರು ಹಿಡಿದು ಬಿರುಕುಗಳನ್ನು ಸೀಸದ ಕಡ್ಡಿಯಿಂದ ಗುರುತಿಸಿ, ಅವುಗಳ ನಡುವೆ ಯಾವ ವಸ್ತು ಎಷ್ಟು ಬರುತ್ತದೆಂದು ಕೊಯ್ಯುವ ಮುನ್ನವೇ ಗೆರೆ ಹಾಕಿಕೊಳ್ಳಬೇಕು.

ಗ್ರಾನೈಟಿನ ಉಳಿ–ಸುತ್ತಿಗೆಯ ಕೆಲಸ ಇಲ್ಲಿ ನಡೆಯುವುದಿಲ್ಲ. ಎಳೆಗಳ ಹೆಣಿಗೆ ಪೆಟ್ಟಿಗೆ ಜಗ್ಗುವುದಿಲ್ಲ. ವಜ್ರದ ಪುಡಿ ಕೂಡಿಸಿದ ಚಕ್ರ ಮತ್ತು ಮೊನೆಗಳಿಂದ ಉಜ್ಜಿಯೇ ಆಕಾರ ಕೊಡಬೇಕು, ಹೊಳಪಿನ ಹಂತದಲ್ಲಿ ತೊಗಲಿನ ಗಾಲಿಯ ಮೇಲೆ ನುಣುಪಾದ ವಜ್ರದ ಪುಡಿಯನ್ನು ಬಳಸಬೇಕು. ಅವಸರದಲ್ಲಿ ದೊರಗು ಹಂತದಿಂದ ನುಣುಪಿಗೆ ಹಾರಿದರೆ ನೆಫ್ರೈಟ್ ಕಿತ್ತಳೆ ಸಿಪ್ಪೆಯಂಥ ಕುಳಿಗಳನ್ನು ತೋರಿಸುತ್ತದೆ, ಆಗ ಮತ್ತೆ ಹಿಂದಿನ ಹಂತಕ್ಕೇ ಹೋಗಬೇಕಾಗುತ್ತದೆ. ಎಲ್ಲ ಹಂತಗಳಲ್ಲಿಯೂ ನೀರು ಹರಿಯುತ್ತಿರಬೇಕು, ಕೆಲಸದವರಿಗೆ ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಕಡ್ಡಾಯವಾಗಿರಬೇಕು. ಕೊಯ್ದ ನೀರನ್ನು ತೋಡಿಗೆ ಬಿಡದೆ ಎರಡು ತೊಟ್ಟಿಗಳಲ್ಲಿ ತಂಗಿಸಿ, ತಳದಲ್ಲಿ ಕೂತ ಕೆಸರನ್ನು ಒಣಗಲು ಬಿಡದೆ ಒದ್ದೆಯಿರುವಾಗಲೇ ಚೀಲಕ್ಕೆ ತುಂಬಿ ಕಟ್ಟಬೇಕು.